ಲೆಕ್ಕಕ್ಕೆ ಸಿಗದವರ ರಕ್ತ

ಬೆಳಗಿನ ಎಂಟು ಗಂಟೆ. ಇರಾಕಿನ ಈಶಾನ್ಯ ಮೂಲೆಯ ಸುಲೈಮಾನಿಯಾ ನಗರದಲ್ಲಿ, ಒಂದು ಆಸ್ಪತ್ರೆಯ ರಕ್ತಪರೀಕ್ಷಾ ಕೇಂದ್ರದ ಒಳಗೆ ನೀವು ನಿಂತಿದ್ದೀರಿ. ಏಪ್ರಿಲ್ ತಿಂಗಳು, ಕಿಟಕಿಯಾಚೆ ಗೋಯ್ಜಾ ಬೆಟ್ಟದ ಮೈಯೆಲ್ಲ ಹಸಿರು. ಒಳಗೆ ಟ್ಯೂಬ್‌ಲೈಟಿನ ಬೆಳಕು, ಸ್ಪಿರಿಟ್ ವಾಸನೆ, ಎಡೆಬಿಡದೆ ಓಡುವ ಯಂತ್ರದ ಸದ್ದು. ಮುಂದಿನ ಮೇಜಿನ ಮೇಲೆ ನೇರಳೆ ಮುಚ್ಚಳದ ಪುಟ್ಟ ನಳಿಕೆಗಳು ಸಾಲಾಗಿ ಕೂತಿವೆ. ಪ್ರತಿಯೊಂದರಲ್ಲೂ ಎರಡು ಮೂರು ಮಿಲಿಲೀಟರ್ ರಕ್ತ. ಚೀಟಿಯ ಮೇಲೆ ರೋಗಿಯ ಹೆಸರು, ಅದರ ಹಿಂದೆ ಅಪ್ಪನ ಹೆಸರು, ಅದರ ಹಿಂದೆ ಅಜ್ಜನ ಹೆಸರು, ವಯಸ್ಸು, ಊರು. ರಾನಿಯಾ, ಪೆಂಜ್ವೀನ್, ಕಲಾರ್, ಚಮ್ಚಮಾಲ್, ಹಲಬ್ಜಾ. ನಡುವೆ ಕಿರ್ಕುಕ್‌ನದೊಂದು, ಮೊಸುಲ್‌ನದೊಂದು.

ನೀವು ಹೊತ್ತು ತಂದಿರುವ ಪ್ರಶ್ನೆ ಮೇಲುನೋಟಕ್ಕೆ ಸರಳ. ಕುರ್ದ್ ಜನರಲ್ಲಿ ರಕ್ತದ ಕ್ಯಾನ್ಸರ್ ಎಷ್ಟು ಮಂದಿಗೆ ಬರುತ್ತದೆ, ಅದರಲ್ಲಿ ಯಾವ ಬಗೆ ಎಷ್ಟು? ಟರ್ಕಿ, ಇರಾಕ್, ಇರಾನ್, ಸಿರಿಯಾ ಎಂಬ ನಾಲ್ಕು ದೇಶಗಳಲ್ಲಿ ಹಂಚಿಹೋಗಿರುವ ಈ ಜನ ಮೂರು ಕೋಟಿಗೂ ಮೀರಿದ್ದಾರೆ. ತಮ್ಮದೇ ದೇಶವಿಲ್ಲದ ಜನಾಂಗಗಳಲ್ಲಿ ಇವರದು ದೊಡ್ಡ ಹೆಸರು. ಇಷ್ಟು ಮಂದಿಯ ರಕ್ತದ ಲೆಕ್ಕ ಎಲ್ಲಾದರೂ ಒಂದು ಕಡೆ ಇರಲೇಬೇಕಲ್ಲ ಎಂದುಕೊಂಡು ನೀವು ಬಂದಿದ್ದೀರಿ.

ಯಂತ್ರ ಪ್ರತಿ ನಳಿಕೆಯಿಂದ ಒಂದಿಷ್ಟು ರಕ್ತ ಹೀರಿ, ಎಣಿಸಿ, ಚೀಟಿ ಉಗುಳುತ್ತದೆ. ಎಣಿಕೆಯಲ್ಲಿ ಅನುಮಾನ ಬಂದ ಚೀಟಿಗಳನ್ನು ಪ್ರಯೋಗಾಲಯದ ಹಿರಿಯ ಹೆಂಗಸು ಪಕ್ಕಕ್ಕೆ ತೆಗೆದಿಡುತ್ತಾರೆ. ಮಧ್ಯವಯಸ್ಸು, ತಲೆಗೆ ಸ್ಕಾರ್ಫ್, ಕೈಗೆ ನೀಲಿ ಗವಸು. “ಯಂತ್ರ ಎಣಿಸುತ್ತದೆ, ಗುರುತಿಸುವವರು ನಾವು. ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ,” ಎನ್ನುತ್ತಾರೆ. ಇಂದು ಅವರ ಪಕ್ಕಕ್ಕೆ ಬಂದಿರುವುದು ನಾಲ್ಕು ನಳಿಕೆ. ಯಾವುದಕ್ಕೂ ನಾವು ಹೆಸರು ಹಿಡಿದು ಕರೆಯುವುದು ಬೇಡ. ಇಂಥವು ಈ ಊರಿನ ಪ್ರಯೋಗಾಲಯಗಳಿಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ.

ಅವರು ಗಾಜಿನ ಪಟ್ಟಿಯ ತುದಿಗೆ ಒಂದು ಹನಿ ರಕ್ತ ಇಡುತ್ತಾರೆ. ಇನ್ನೊಂದು ಪಟ್ಟಿಯ ಅಂಚನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ಒಂದೇ ಎಳೆತಕ್ಕೆ ಮುಂದೆ ತಳ್ಳುತ್ತಾರೆ. ರಕ್ತ ತೆಳ್ಳನೆಯ ನಾಲಿಗೆಯಾಕಾರದಲ್ಲಿ ಹರಡುತ್ತದೆ. ಕೈ ನಡುಗಿದರೆ ಲೇಪ ಹಾಳು. ಅದು ಗಾಳಿಗೆ ಆರಿದ ಮೇಲೆ ಲೀಶ್ಮನ್ ಬಣ್ಣ ಸುರಿದು ಎರಡು ನಿಮಿಷ ಬಿಡುತ್ತಾರೆ. ಬಫರ್ ನೀರು ಬೆರೆಸಿ ಇನ್ನೂ ಏಳೆಂಟು ನಿಮಿಷ ಕಾಯುತ್ತಾರೆ. ಮೇಲೆ ಲೋಹದ ಹೊಳಪಿನ ಕೆನೆ ಕಟ್ಟುತ್ತದೆ. ತೊಳೆದಾಗ ಗಾಜಿನ ಮೇಲೆ ಉಳಿಯುವುದು ತಿಳಿಗುಲಾಬಿ. ಎಣ್ಣೆಯ ಒಂದು ಬಿಂದು, ನೂರು ಪಟ್ಟಿನ ಮಸೂರ, ಈಗ ನಿಮ್ಮ ಕಣ್ಣು.

ಮೊದಲ ಪಟ್ಟಿ ನಾಲ್ಕು ವರ್ಷದ ಹುಡುಗನದು. ಎರಡು ವಾರದಿಂದ ಬಿಟ್ಟು ಬಿಟ್ಟು ಜ್ವರ, ಬಿಳಿಚಿದ ಮುಖ, ಎಲ್ಲೂ ಬೀಳದಿದ್ದರೂ ಕಾಲ ಮೇಲೆ ನೀಲಿ ಕಲೆ, ಮೂಳೆ ನೋವಿಗೆ ನಡೆಯಲು ಒಲ್ಲೆ ಎಂಬ ಹಟ. ಪ್ಲೇಟ್ಲೆಟ್ ಒಂದೂವರೆ ಲಕ್ಷ ಇರಬೇಕಾದಲ್ಲಿ 20,000ಕ್ಕೂ ಕಡಿಮೆ. ಮಸೂರದ ಕೆಳಗೆ ಕೆಂಪುಕಣಗಳು ವಿರಳವಾಗಿವೆ. ಅವುಗಳ ನಡುವೆ ಒಂದೇ ಅಚ್ಚಿನ ದುಂಡು ಕಣಗಳು, ನೇರಳೆ ಬಣ್ಣದ ಕೋಶಕೇಂದ್ರವೇ ಕಣದ ತುಂಬ ಹರಡಿ, ಸುತ್ತ ನೀಲಿಯ ಸಣ್ಣ ಅಂಚು ಮಾತ್ರ ಉಳಿದಿದೆ. ಇವು ಬ್ಲಾಸ್ಟ್‌ಗಳು: ಬಲಿಯಬೇಕಾದ ಹೊತ್ತಿಗೆ ಬಲಿಯದೆ, ನಿಲ್ಲಬೇಕಾದ ಹೊತ್ತಿಗೆ ನಿಲ್ಲದೆ ಹೆಚ್ಚುತ್ತಲೇ ಹೋಗುವ ಎಳೆಯ ಕಣಗಳು. ಖಚಿತಪಡಿಸಲು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯಬೇಕು, ಫ್ಲೋ ಸೈಟೋಮೆಟ್ರಿಯಲ್ಲಿ ಕಣದ ಮೈಮೇಲಿನ ಗುರುತುಗಳನ್ನು ಓದಬೇಕು. ಆದರೆ ಆ ಹೆಂಗಸಿನ ಮುಖ ಆಗಲೇ ಗಂಭೀರವಾಗಿದೆ. ಇದು ಎಎಲ್‌ಎಲ್, ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ.

ಜಗತ್ತಿನ ಎಲ್ಲ ಕಡೆಯಂತೆ ಇಲ್ಲಿಯೂ ಮಕ್ಕಳಿಗೆ ಬರುವ ರಕ್ತ ಕ್ಯಾನ್ಸರಿನಲ್ಲಿ ದೊಡ್ಡ ಪಾಲು ಇದರದೇ. ಮಕ್ಕಳ ಲ್ಯುಕೇಮಿಯಾದಲ್ಲಿ ನಾಲ್ಕರಲ್ಲಿ ಮೂರರಷ್ಟು ಎಎಲ್‌ಎಲ್. ಎರಡರಿಂದ ಐದು ವರ್ಷದೊಳಗೆ ಅದರ ಕಾಟ ಹೆಚ್ಚು. ಹುಡುಗಿಯರಿಗಿಂತ ಹುಡುಗರಲ್ಲಿ ತುಸು ಜಾಸ್ತಿ. ಇರಾಕಿನ ಮಕ್ಕಳಿಗೆ ಬರುವ ಎಲ್ಲ ಕ್ಯಾನ್ಸರುಗಳಲ್ಲಿ ಲ್ಯುಕೇಮಿಯಾವೇ ಮೊದಲನೆಯದು. ಎರಡು ಮೂರು ವರ್ಷ ತಪ್ಪದೆ ಔಷಧ ಸಿಕ್ಕರೆ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ. ಔಷಧ ನಡುವೆ ನಿಂತರೆ, ಅಥವಾ ಸೋಂಕಿಗೆ ಚಿಕಿತ್ಸೆ ಕೊಡಲು ಹಾಸಿಗೆ ಇಲ್ಲದಿದ್ದರೆ, ಅದೇ ಕಾಯಿಲೆ ಕೊಲ್ಲುತ್ತದೆ.

ಎರಡನೆಯ ಪಟ್ಟಿ. ಮೂವತ್ತರ ಆಸುಪಾಸಿನ ಗಂಡಸು, ಒಸಡಿನಿಂದ ರಕ್ತ ನಿಲ್ಲುತ್ತಿಲ್ಲ. ಇಲ್ಲಿಯೂ ಬ್ಲಾಸ್ಟ್‌ಗಳೇ, ಆದರೆ ಗಾತ್ರ ದೊಡ್ಡದು, ಒಳಗೆ ಸಣ್ಣ ಸಣ್ಣ ಹರಳು. “ಇಲ್ಲಿ ನೋಡಿ,” ಎಂದು ಅವರು ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಒಂದು ಕಣದ ಒಳಗೆ ಕೆಂಪು ಸೂಜಿಯಂಥದ್ದು ಮಲಗಿದೆ. ಆಯರ್ ಕಡ್ಡಿ ಎಂದು ಅದರ ಹೆಸರು. ಅದು ಕಂಡರೆ ಸಾಕು, ಮೈಲಾಯ್ಡ್ ಕುಲದ ಕಣವೆಂದು ಗೊತ್ತಾಗುತ್ತದೆ: ಎಎಂಎಲ್, ತೀವ್ರ ಮೈಲಾಯ್ಡ್ ಲ್ಯುಕೇಮಿಯಾ. ದೊಡ್ಡವರಿಗೆ ಬರುವ ತೀವ್ರ ಲ್ಯುಕೇಮಿಯಾದಲ್ಲಿ ಇದೇ ಮುಂದು. ಪಶ್ಚಿಮದಲ್ಲಿ ಇದು ಬಹುತೇಕ ಅರವತ್ತು ದಾಟಿದವರ ಕಾಯಿಲೆ. ಈ ಆಸ್ಪತ್ರೆಗಳ ಸಾಲಿನಲ್ಲಿ ಇದಕ್ಕೆ ಎಳೆಯ ಮುಖಗಳೂ ಸಾಕಷ್ಟಿವೆ.

ಈತ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಕೇಳಬೇಕೆನಿಸುತ್ತದೆ. ಕಾರಣವಿದೆ. ಕಚ್ಚಾತೈಲದಲ್ಲೂ ಪೆಟ್ರೋಲಿನಲ್ಲೂ ಇರುವ ಬೆಂಜೀನ್ ಎಎಂಎಲ್ ತರಬಲ್ಲದು ಎಂಬುದು ಸಾಬೀತಾದ ಸಂಗತಿ. ಈ ನಾಡಿನ ನೆಲದಡಿ ತೈಲ, ಬೀದಿಬೀದಿಯಲ್ಲಿ ಕರೆಂಟು ಹೋದಾಗ ಗುಡುಗುವ ಜನರೇಟರು. ಗಡಿಯಾಚೆ ಈಶಾನ್ಯ ಸಿರಿಯಾದಲ್ಲಿ ಯುದ್ಧದ ವರ್ಷಗಳಲ್ಲಿ ಜನ ಬಯಲಿನಲ್ಲೇ ಕಚ್ಚಾತೈಲ ಕುದಿಸಿ ಡೀಸೆಲ್ ತೆಗೆದರು. ಆ ಹೊಗೆಯಲ್ಲಿ ಹುಡುಗರೂ ನಿಂತು ಕೂಲಿ ಮಾಡಿದರು. ಒಬ್ಬ ರೋಗಿಯನ್ನು ತೋರಿಸಿ ಇವನ ಕಾಯಿಲೆಗೆ ಇದೇ ಕಾರಣ ಎನ್ನಲು ಯಾರಿಂದಲೂ ಆಗದು. ಸಾವಿರ ಮಂದಿಯ ಕಸುಬನ್ನೂ ಕಾಯಿಲೆಯನ್ನೂ ಒಟ್ಟಿಗೆ ಬರೆದಿಟ್ಟರೆ ಮಾತ್ರ ಕಾರಣದ ಮುಖ ಕಾಣತೊಡಗುತ್ತದೆ.

ಮೂರನೆಯದು ನಲವತ್ತರ ಹೆಂಗಸಿನದು. ಹೊಟ್ಟೆಯ ಎಡಗಡೆ ಭಾರವೆಂದು ಬಂದವರು. ಗುಲ್ಮ ಊದಿ ಹೊಕ್ಕುಳತನಕ ಇಳಿದಿದೆ. ಬಿಳಿರಕ್ತಕಣ 11,000 ಮೀರಬಾರದು, ಇಲ್ಲಿ ಎರಡು ಲಕ್ಷ ದಾಟಿದೆ. ಮಸೂರದಡಿ ಎಳೆಯದು, ನಡುವಯಸ್ಸಿನದು, ಬಲಿತದ್ದು, ಎಲ್ಲ ಹಂತದ ಕಣಗಳೂ ಒಟ್ಟಿಗೆ ಜಾತ್ರೆಗೆ ಬಂದಂತೆ ಕಿಕ್ಕಿರಿದಿವೆ. ಇದು ಸಿಎಂಎಲ್, ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಗಿಡ್ಡಗಾದ ಒಂದು ಕ್ರೋಮೋಸೋಮ್ ಕಂಡರು. 9ನೆಯ ಮತ್ತು 22ನೆಯ ಕ್ರೋಮೋಸೋಮ್‌ಗಳು ತುಂಡು ಅದಲು ಬದಲಾಗಿರುವುದೇ ಇದಕ್ಕೆ ಕಾರಣವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಒಂದು ದೋಷಕ್ಕೇ ಗುರಿಯಿಟ್ಟ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ದಿನಕ್ಕೊಮ್ಮೆ ತಪ್ಪದೆ ನುಂಗಿದರೆ ಬಹುತೇಕರು ಮಾಮೂಲು ಆಯಸ್ಸು ಬದುಕುತ್ತಾರೆ. ಸಿಎಂಎಲ್ ಕುಲ, ಸೀಮೆ ಎಂದು ಹೆಚ್ಚು ಭೇದ ಮಾಡುವ ಕಾಯಿಲೆಯಲ್ಲ. ಜಗತ್ತಿನಲ್ಲಿ ಎಲ್ಲೇ ಎಣಿಸಿದರೂ ವರ್ಷಕ್ಕೆ ಲಕ್ಷಕ್ಕೆ ಒಬ್ಬರೋ ಇಬ್ಬರೋ.

ನಾಲ್ಕನೆಯ ಪಟ್ಟಿಯಲ್ಲಿ ಬ್ಲಾಸ್ಟ್‌ಗಳಿಲ್ಲ. ನೋಡಲು ಮಾಮೂಲು ಲಿಂಫೋಸೈಟ್‌ಗಳೇ, ಸಂಖ್ಯೆ ಮಾತ್ರ ವಿಪರೀತ. ನಡುನಡುವೆ ಒಡೆದು ಒರೆಸಿದಂತಾದ ಕಣಗಳ ಕಲೆ. ಲೇಪ ಎಳೆಯುವಾಗ ತಾಳದೆ ಒಡೆದುಹೋದವು ಅವು. ಎಪ್ಪತ್ತು ದಾಟಿದ ಅಜ್ಜ, ಮಂಡಿನೋವಿಗೆಂದು ಬಂದವರು. ರಕ್ತ ನೋಡಿದಾಗ ಅಕಸ್ಮಾತ್ ಇದು ಸಿಕ್ಕಿದೆ: ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಲ್‌ಎಲ್. ಯುರೋಪು, ಅಮೆರಿಕಗಳಲ್ಲಿ ದೊಡ್ಡವರಿಗೆ ಬರುವ ಲ್ಯುಕೇಮಿಯಾಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಚೀನಾ, ಜಪಾನುಗಳಲ್ಲಿ ಅಪರೂಪ. ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಮಕ್ಕಳಲ್ಲೂ ಅಪರೂಪವೇ. ನೆಲ ಬದಲಾದರೂ ಕಾಯಿಲೆಯ ಪ್ರಮಾಣ ಬದಲಾಗಲಿಲ್ಲವೆಂದರೆ, ವಂಶವಾಹಿಯ ಪಾಲು ಅಲ್ಲಿ ಇದೆಯೆಂದೇ ಅರ್ಥ. ಕುರ್ದಿಸ್ತಾನದ ರಕ್ತತಜ್ಞರಿಗೆ ಸಿಎಲ್‌ಎಲ್ ಹೊಸದಲ್ಲ. ಪೂರ್ವ ಏಷ್ಯಾದಲ್ಲಿರುವಷ್ಟು ವಿರಳವೂ ಅಲ್ಲ.

ಈಗ ನಾಲ್ಕು ಪಟ್ಟಿಗಳೂ ನಿಮ್ಮ ಮುಂದಿವೆ. ಇವುಗಳಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಸಾಲು ಹಚ್ಚಿದರೆ ಪ್ರಶ್ನೆ ಮುಗಿಯಿತೇ? ಇಲ್ಲ. ಇರಾಕಿನ ಜನರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಹದಿನೈದರೊಳಗಿನ ಮಕ್ಕಳು. ಅರವತ್ತೈದು ದಾಟಿದವರು ನೂರಕ್ಕೆ ನಾಲ್ವರ ಆಸುಪಾಸು. ಇಟಲಿಯಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರು ಆ ವಯಸ್ಸಿನವರು. ಮಕ್ಕಳೇ ತುಂಬಿದ ನಾಡಿನಲ್ಲಿ ಎಎಲ್‌ಎಲ್ ವಾರ್ಡು ತುಂಬಿರುತ್ತದೆ. ಮುದುಕರು ಕಡಿಮೆ ಇರುವಲ್ಲಿ ಸಿಎಲ್‌ಎಲ್ ತಾನಾಗಿ ಕಡಿಮೆ ಕಾಣುತ್ತದೆ. ಆ ಅಜ್ಜನಿಗೆ ಮಂಡಿ ನೋಯದೇ ಇದ್ದಿದ್ದರೆ ಅವರ ಕಾಯಿಲೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಸ್ಪತ್ರೆಯ ಸಾಲು ನೋಡಿ ಕುರ್ದರ ರಕ್ತವೇ ಹೀಗೆ ಎಂದರೆ, ವಯಸ್ಸಿನ ಮಾತನ್ನು ಜನಾಂಗದ ತಲೆಗೆ ಕಟ್ಟಿದಂತಾಗುತ್ತದೆ. ಪ್ರತಿ ವಯಸ್ಸಿನವರನ್ನೂ ಬೇರೆ ಬೇರೆ ಎಣಿಸಿ, ಆ ವಯಸ್ಸಿನ ಒಟ್ಟು ಜನಸಂಖ್ಯೆಯಿಂದ ಭಾಗಿಸಿ, ಆಮೇಲೆ ಹೋಲಿಸಬೇಕು. ಅದಕ್ಕೆ ಎರಡು ಸಂಖ್ಯೆ ಬೇಕು: ರೋಗಿಗಳೆಷ್ಟು, ಜನ ಎಷ್ಟು.

ಆ ಎರಡನ್ನು ಹುಡುಕಿಕೊಂಡು ನೀವು ಕಾರಿಡಾರು ದಾಟಿ ದಾಖಲೆ ಕೋಣೆಗೆ ಹೋಗುತ್ತೀರಿ. ಕಂಪ್ಯೂಟರ್ ಮುಂದೆ ಕೂತ ಯುವಕ ಸಣ್ಣ ಗಾಜಿನ ಲೋಟದಲ್ಲಿ ಕಡುಚಹಾ ತರಿಸಿಕೊಡುತ್ತಾನೆ. ತಳದಲ್ಲಿ ಸಕ್ಕರೆ ಇನ್ನೂ ಕರಗಿಲ್ಲ. ಮುಂದಿನ ಕುರ್ಚಿಯಲ್ಲಿ ಆ ಅಜ್ಜ. ಜೋಲು ಷರಾಯಿ, ಸೊಂಟಕ್ಕೆ ಸುತ್ತಿದ ಬಟ್ಟೆ.

“ಮಾಮ್, ಹುಟ್ಟಿದ ಊರು?” ಹಿರಿಯರನ್ನು ಇಲ್ಲಿ ಹಾಗೆಯೇ ಕರೆಯುವುದು.

“ಈಗ ಇರೋ ಊರು ಬರಕೋ,” ಎನ್ನುತ್ತಾರೆ ಅಜ್ಜ.

“ಎರಡೂ ಬೇಕು, ಮಾಮ್.”

“ಅದು ಈಗ ಇಲ್ಲ. ಎಂಬತ್ತೆಂಟರಲ್ಲಿ ಹೋಯ್ತು.”

ಯುವಕ ಕೀಲಿಮಣೆಯಿಂದ ಕೈ ತೆಗೆಯುತ್ತಾನೆ. ಎಂಬತ್ತೆಂಟು ಎಂದರೆ ಅನ್ಫಾಲ್. ಸದ್ದಾಂ ಹುಸೇನನ ಸೇನೆ 1988ರ ಫೆಬ್ರುವರಿಯಿಂದ ಸೆಪ್ಟೆಂಬರ್‌ವರೆಗೆ ಕುರ್ದ್ ಹಳ್ಳಿಗಳನ್ನು ಒಂದೊಂದಾಗಿ ನೆಲಸಮ ಮಾಡಿತು. ಸತ್ತವರು 50,000ದಿಂದ ಒಂದು ಲಕ್ಷ ಎಂದು ಹ್ಯೂಮನ್ ರೈಟ್ಸ್ ವಾಚ್ ಅಂದಾಜು ಮಾಡಿದೆ. 1,82,000 ಎಂದು ಕುರ್ದರು ಹೇಳುತ್ತಾರೆ. ಅದಕ್ಕೆ ಮೊದಲು ನಡೆದದ್ದು ಏನು ಗೊತ್ತೇ? ಜನಗಣತಿ. 1987ರ ಅಕ್ಟೋಬರ್ 17ರಂದು ದೇಶವನ್ನೆಲ್ಲ ಎಣಿಸಿದರು. ಸರಕಾರ ನಿಷೇಧಿಸಿದ ಪ್ರದೇಶದಲ್ಲೇ ಉಳಿದು ಎಣಿಕೆಗೆ ಬಾರದವರು ಪ್ರಜೆಗಳೇ ಅಲ್ಲವೆಂದಾಯಿತು. ಯಾರನ್ನು ಮುಗಿಸಬೇಕೆಂಬುದರ ಗೆರೆ ಆ ಎಣಿಕೆಯಿಂದ ಬಿತ್ತು. ಗಡಿಯಾಚೆಯ ಕಥೆಯೂ ಇದಕ್ಕೆ ದೂರದ್ದಲ್ಲ. ಸಿರಿಯಾದ ಹಸಾಕೆ ಪ್ರಾಂತ್ಯದಲ್ಲಿ 1962ರಲ್ಲಿ ಒಂದೇ ದಿನದ ಗಣತಿ ನಡೆಸಿ ಸುಮಾರು 1,20,000 ಕುರ್ದರ ಪೌರತ್ವ ಕಿತ್ತುಕೊಂಡರು. ಎಣಿಸುವವನು ಬಾಗಿಲಿಗೆ ಬಂದರೆ ಈ ಜನ ಹಿಂಜರಿಯುವುದರಲ್ಲಿ ಅರ್ಥವಿದೆ.

ಕೊನೆಗೆ ಅಜ್ಜ ಊರಿನ ಹೆಸರು ಹೇಳುತ್ತಾರೆ. ಯುವಕ ಅದನ್ನು ಎರಡು ಸಲ ಕೇಳಿ, ಅಕ್ಷರ ತಪ್ಪದಂತೆ ಬರೆದುಕೊಳ್ಳುತ್ತಾನೆ.

ನೀವು ಅವನ ಭುಜದಾಚೆಯಿಂದ ಪರದೆ ನೋಡುತ್ತೀರಿ. ವಯಸ್ಸು, ಲಿಂಗ, ವಿಳಾಸ, ರೋಗದ ಬಗೆ, ಪತ್ತೆಯಾದ ದಿನ. ಜನಾಂಗ ಎಂಬ ಕಲಂ ಇಲ್ಲ. ಪಕ್ಕದ ಸಾಲಿನಲ್ಲಿ ಮೊಸುಲಿನ ಅರಬ್ ರೈತ, ಅದರ ಕೆಳಗೆ ಕಿರ್ಕುಕ್‌ನ ತುರ್ಕ್‌ಮನ್ ಮನೆಯ ಹುಡುಗಿ, ಅದರ ಕೆಳಗೆ ಸಿಂಜಾರಿನಿಂದ ಬಂದ ಯಜೀದಿ ತಾಯಿ ಇರಬಹುದು. 2014ರಲ್ಲಿ ಐಸಿಸ್ ಮೊಸುಲ್ ಹಿಡಿದ ಮೇಲೆ ಲಕ್ಷಾಂತರ ಮಂದಿ ಕುರ್ದಿಸ್ತಾನಕ್ಕೆ ಓಡಿಬಂದರು; ರೋಗಿಗಳೂ ಬಂದರು. ಸುಲೈಮಾನಿಯಾದ ಹೀವಾ, ಹೌಲೇರಿನ ನಾನಕಲಿ ಆಸ್ಪತ್ರೆಗಳ ಬಾಗಿಲು ಎಲ್ಲರಿಗೂ ತೆರೆದಿತ್ತು. ಹೌಲೇರ್ ಎಂದರೆ ಜಗತ್ತು ಎರ್ಬಿಲ್ ಎಂದು ಕರೆಯುವ, ಇರಾಕಿನ ಕುರ್ದಿಸ್ತಾನ ಪ್ರದೇಶದ ರಾಜಧಾನಿ. ಅತ್ತ ದುಡ್ಡಿದ್ದ ಕುರ್ದರು ಟೆಹ್ರಾನಿಗೆ, ಅಂಕಾರಾಕ್ಕೆ, ದೆಹಲಿಗೆ ಹೋಗಿ ಚಿಕಿತ್ಸೆ ಪಡೆದರು. ಇಲ್ಲಿನ ರೋಗಿಗಳೆಲ್ಲ ಕುರ್ದರಲ್ಲ, ಕುರ್ದ್ ರೋಗಿಗಳೆಲ್ಲ ಇಲ್ಲಿಲ್ಲ.

ರೋಗಿಗಳ ಸಂಖ್ಯೆ ಹೀಗಾದರೆ, ಜನಸಂಖ್ಯೆಯ ಪಾಡು ಇನ್ನೂ ಕಷ್ಟ. 1987ರ ನಂತರ ಇಡೀ ಇರಾಕನ್ನು ಎಣಿಸಿದ್ದು 2024ರ ನವೆಂಬರಿನಲ್ಲಿ. ನಡುವೆ 1997ರಲ್ಲೊಮ್ಮೆ ಎಣಿಸಿದಾಗ ಕುರ್ದಿಸ್ತಾನ ಹೊರಗೇ ಉಳಿದಿತ್ತು. 2024ರ ಗಣತಿಯಿಂದ ಕುರ್ದಿಸ್ತಾನ ಪ್ರದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಜನರಿದ್ದಾರೆಂದು ತಿಳಿಯಿತು. ಆದರೆ ಕಿರ್ಕುಕ್‌ನಂಥ ಊರುಗಳ ಜಗಳ ಕೆದರದಿರಲಿ ಎಂದು ಜನಾಂಗದ ಪ್ರಶ್ನೆಯನ್ನು ಗಣತಿಯಿಂದ ಕೈಬಿಟ್ಟರು. ಟರ್ಕಿ ಮಾತೃಭಾಷೆಯ ಅಂಕಿಗಳನ್ನು ಕೊನೆಯ ಸಲ ಪ್ರಕಟಿಸಿದ್ದು 1965ರ ಗಣತಿಯಿಂದ. ಇರಾನಿನ ಕ್ಯಾನ್ಸರ್ ದಾಖಲೆಯಲ್ಲಿ ಕುರ್ದಿಸ್ತಾನ್, ಕೆರ್ಮಾನ್‌ಶಾಹ್ ಎಂಬ ಪ್ರಾಂತ್ಯಗಳ ಹೆಸರಿನ ಮೂಲಕ ಮಾತ್ರ ಕುರ್ದರನ್ನು ಊಹಿಸಿಕೊಳ್ಳಬೇಕು. ಸಂಶೋಧಕರು ಮಾಡುತ್ತಿರುವುದೂ ಅದನ್ನೇ: ಸುಲೈಮಾನಿಯಾ, ಹೌಲೇರ್, ದುಹೋಕ್ ಎಂದು ಜಿಲ್ಲೆ ಹಿಡಿದು ಎಣಿಸುತ್ತಾರೆ. ಊರು ಜನಾಂಗಕ್ಕೆ ಬದಲಿಯಾಗಿ ನಿಲ್ಲುತ್ತದೆ, ಆದಷ್ಟರ ಮಟ್ಟಿಗೆ.

ಎಣಿಸಿದರೆ ಏನು ತಿಳಿಯುತ್ತದೆ ಎಂಬುದಕ್ಕೆ ಕುರ್ದರೊಳಗೇ ಒಂದು ಉದಾಹರಣೆಯಿದೆ. ಈ ಬೆಟ್ಟಗಳಲ್ಲಿ ಶತಮಾನಗಳಿಂದ ಬಾಳಿದ ಯಹೂದಿಗಳು 1950-51ರಲ್ಲಿ ಬಹುಪಾಲು ಇಸ್ರೇಲಿಗೆ ವಲಸೆ ಹೋದರು. ಅಲ್ಲಿ ಯಾರು ಎಲ್ಲಿಂದ ಬಂದವರು ಎಂಬುದನ್ನು ಬರೆದಿಟ್ಟುಕೊಂಡರು. ಅದರಿಂದ ಕುರ್ದಿಸ್ತಾನದ ಯಹೂದಿ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೆಂದು ಗೊತ್ತಾಯಿತು. ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಬೆಟ್ಟದಲ್ಲೇ ಉಳಿದ ನೆರೆಹೊರೆಯವರನ್ನು ಪರೀಕ್ಷಿಸಲು ದಶಕಗಳೇ ಹಿಡಿದವು. ರಕ್ತತಜ್ಞ ನಾಸಿರ್ ಅಲ್-ಅಲ್ಲಾವಿ ಮತ್ತು ಸಂಗಡಿಗರು ದುಹೋಕಿನಲ್ಲಿ ಪರೀಕ್ಷಿಸಿದಾಗ ಹತ್ತು ಗಂಡಸರಲ್ಲಿ ಸುಮಾರು ಒಬ್ಬನಿಗೆ ಆ ಕೊರತೆ ಕಂಡಿತು.

ಆ ಕಿಣ್ವಕ್ಕೂ ಲ್ಯುಕೇಮಿಯಾಕ್ಕೂ ಏನು ಸಂಬಂಧ ಎನ್ನುವಿರಾ? ಮೇಲಿನ ಮಹಡಿಯ ಮಕ್ಕಳ ವಾರ್ಡಿಗೆ ಬನ್ನಿ. ನಾಲ್ಕು ವರ್ಷದ ಆ ಹುಡುಗ ಈಗ ಹಾಸಿಗೆಯ ಮೇಲಿದ್ದಾನೆ. ತಾಯಿ ಅವನ ಅಂಗಾಲು ಒತ್ತುತ್ತಿದ್ದಾಳೆ. ಡಾಕ್ಟರು ಸ್ಟೂಲು ಎಳೆದು ಕೂರುತ್ತಾರೆ.

“ಖುಷ್ಕೆ,” ಎನ್ನುತ್ತಾರೆ, ತಂಗಿಯನ್ನು ಕರೆದಂತೆ. “ಇವನು ಪಾಕ್ಲೆ ತಿಂದಿದ್ದಾನಾ ಈ ವರ್ಷ?”

ತಾಯಿ ತಬ್ಬಿಬ್ಬಾಗುತ್ತಾಳೆ. ಪಾಕ್ಲೆ ಎಂದರೆ ವಸಂತದಲ್ಲಿ ಇಲ್ಲಿನ ಬಜಾರಿನ ತುಂಬ ರಾಶಿ ಬೀಳುವ ಫಾವಾ ಬೀನ್ಸ್. “ಮನೆಯಲ್ಲಿ ಮಾಡ್ತೀವಿ, ಡಾಕ್ಟರ್. ಇವನಿಗೆ ಕೊಡಲ್ಲ. ಹೋದ ವರ್ಷ ತಿಂದು ಮೈ ಹಳದಿಯಾಗಿತ್ತು. ಉಚ್ಚೆ ಚಹಾದ ಬಣ್ಣ ಬಂದಿತ್ತು.”

ಡಾಕ್ಟರು ನರ್ಸಿನ ಕಡೆ ತಿರುಗುತ್ತಾರೆ. ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಒಂದು ಸಾಲು ಬೀಳುತ್ತದೆ. ಕೀಮೋ ಶುರುವಾದಾಗ ಲಕ್ಷಾಂತರ ಕ್ಯಾನ್ಸರ್ ಕಣಗಳು ಒಮ್ಮೆಗೇ ಸಾಯುತ್ತವೆ. ಅವುಗಳಿಂದ ಹೊರಬಿದ್ದ ಯೂರಿಕ್ ಆಮ್ಲ ಮೂತ್ರಪಿಂಡ ಕಟ್ಟಿಸಬಹುದು. ಅದನ್ನು ಕರಗಿಸಲು ರಾಸ್ಬುರಿಕೇಸ್ ಎಂಬ ಒಳ್ಳೆಯ ಔಷಧವಿದೆ. ಜಿ6ಪಿಡಿ ಕೊರತೆ ಇರುವ ಮಗುವಿಗೆ ಅದನ್ನು ಕೊಟ್ಟರೆ ಕೆಂಪುಕಣಗಳೇ ಒಡೆದು ಪ್ರಾಣಕ್ಕೆ ಬರುತ್ತದೆ. ಕಿಣ್ವದ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಆ ಔಷಧ ಬೇಡ. ಹೆಚ್ಚು ದ್ರವ, ಅಲೋಪ್ಯುರಿನಾಲ್ ಮಾತ್ರೆ ಸಾಕು. ಬಾಸ್ಟನ್ನಿನಲ್ಲೋ ಮಿಲಾನಿನಲ್ಲೋ ಬರೆದ ಚಿಕಿತ್ಸಾಕ್ರಮವನ್ನು ಇದ್ದ ಹಾಗೆಯೇ ತಂದು ಈ ವಾರ್ಡಿನಲ್ಲಿ ಹಚ್ಚಲಾಗದು. ಈ ನಾಡಿನ ರಕ್ತ ಎಂಥದು ಎಂದು ಯಾರೋ ಕೂತು ಎಣಿಸಿದ್ದರಿಂದಲೇ ಈ ಡಾಕ್ಟರು ಪಾಕ್ಲೆಯ ಪ್ರಶ್ನೆ ಕೇಳಿದ್ದು.

ತಾಯಿಗೂ ಒಂದು ಪ್ರಶ್ನೆಯಿದೆ. ಅವಳೂ ಗಂಡನೂ ಅಮೋಜಾ, ಅಂದರೆ ಅಣ್ಣತಮ್ಮಂದಿರ ಮಕ್ಕಳು. ನಮ್ಮಲ್ಲಿ ಚಿಕ್ಕಪ್ಪನ ಮಗಳು ತಂಗಿಯಾಗುತ್ತಾಳೆ. ಇಲ್ಲಿ ಅವಳೇ ಮೆಚ್ಚಿನ ಸೊಸೆ. “ಅದಕ್ಕೇ ಬಂತಾ, ಡಾಕ್ಟರ್?” ಡಾಕ್ಟರು ಇಲ್ಲವೆಂದು ತಲೆಯಾಡಿಸುತ್ತಾರೆ. ಒಳಮದುವೆಯಿಂದ ಥಲಸ್ಸೀಮಿಯಾದಂಥ, ಫ್ಯಾಂಕೋನಿ ಅನೀಮಿಯಾದಂಥ ಆನುವಂಶಿಕ ಕಾಯಿಲೆಗಳು ಹೆಚ್ಚುತ್ತವೆ. ಫ್ಯಾಂಕೋನಿ ಇರುವ ಮಕ್ಕಳಿಗೆ ಮುಂದೆ ಎಎಂಎಲ್ ಬರುವ ಅಪಾಯವೂ ದೊಡ್ಡದು. ಆದರೆ ಮಾಮೂಲು ಎಎಲ್‌ಎಲ್ ಬಹುಪಾಲು ಮಕ್ಕಳಲ್ಲಿ ಯಾರ ತಪ್ಪೂ ಅಲ್ಲ. ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಗುವಿನ ಮಜ್ಜೆಯಲ್ಲೇ ಹುಟ್ಟಿದ ದೋಷ. ಈ ಮಾತನ್ನು ಡಾಕ್ಟರು ಎರಡೆರಡು ಸಲ ಹೇಳುತ್ತಾರೆ. ತಾಯಿ ಬಿಕ್ಕುತ್ತಾಳೆ, ಆದರೆ ಬೆನ್ನು ನೆಟ್ಟಗಾಗುತ್ತದೆ.

ಥಲಸ್ಸೀಮಿಯಾದ ವಿಷಯದಲ್ಲಿ ಎಣಿಕೆ ಇಲ್ಲಿ ಆಗಲೇ ಫಲ ಕೊಟ್ಟಿದೆ. ದುಹೋಕಿನಲ್ಲಿ ನೂರಕ್ಕೆ 3.7, ಸುಲೈಮಾನಿಯಾದಲ್ಲಿ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು ಮಂದಿ ಆ ಜೀನಿನ ವಾಹಕರೆಂದು ತಿಳಿದ ಮೇಲೆ, ಮದುವೆಗೆ ಮುಂಚಿನ ರಕ್ತಪರೀಕ್ಷೆ 2008ರಿಂದ ಕಡ್ಡಾಯವಾಯಿತು. ಇಬ್ಬರೂ ವಾಹಕರಾದರೆ ಕೂಡಿಸಿ ತಿಳಿಹೇಳುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನೀವು ಆಗ್ನೇಯಕ್ಕೆ ಹೊರಡುತ್ತೀರಿ. ಶಹರಿಜೋರ್ ಬಯಲು, ಎರಡೂ ಕಡೆ ಗೋಧಿ, ಎದುರಿಗೆ ಹವ್ರಮಾನ್ ಬೆಟ್ಟಸಾಲು. ಮುಂದೆ ಹಲಬ್ಜಾ. 1988ರ ಮಾರ್ಚ್ 16ರಂದು ಇಲ್ಲಿ ಸದ್ದಾಮನ ವಿಮಾನಗಳು ಮಸ್ಟರ್ಡ್ ಅನಿಲವನ್ನೂ ನರಗಳ ಕೆಲಸ ಕೆಡಿಸುವ ವಿಷಾನಿಲಗಳನ್ನೂ ಸುರಿದವು. ಸುಮಾರು 5,000 ಜನ ಸತ್ತರು. ಬದುಕಿ ಉಳಿದವರ ಕಣ್ಣು, ಚರ್ಮ, ಶ್ವಾಸಕೋಶಗಳಲ್ಲಿ ಆ ದಿನ ಇನ್ನೂ ಇದೆ. ಊರಿನಲ್ಲಿ ಯಾರಿಗೆ ರಕ್ತ ಕ್ಯಾನ್ಸರ್ ಬಂದರೂ ಮನೆಯವರು ಮೊದಲು ಹೇಳುವುದು ಆ ವಿಷಾನಿಲದ ಹೆಸರನ್ನೇ.

ಅವರ ಅನುಮಾನಕ್ಕೆ ವಿಜ್ಞಾನದಲ್ಲಿ ನೆಲೆಯಿಲ್ಲದಿಲ್ಲ. ಮಸ್ಟರ್ಡ್ ಅನಿಲ ನೇರವಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗದಲ್ಲಿ ಅದು ಸೇರಿದೆ. ವಿಚಿತ್ರವೆಂದರೆ ಲ್ಯುಕೇಮಿಯಾ, ಲಿಂಫೋಮಾಗಳಿಗೆ ಮೊದಲ ಕೀಮೋ ಹುಟ್ಟಿದ್ದೂ ಅದರ ದಾಯಾದಿಯಿಂದಲೇ. 1942ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ನೈಟ್ರೋಜನ್ ಮಸ್ಟರ್ಡನ್ನು ರೋಗಿಗೆ ಕೊಟ್ಟು ನೋಡಿದರು. ಬಿಳಿಕಣಗಳನ್ನು ಕೊಲ್ಲುವ ಗುಣವೇ ಔಷಧವಾಯಿತು. ಆ ಬಗೆಯ ಔಷಧಗಳು ವರ್ಷಗಳ ನಂತರ ಕೆಲವರಲ್ಲಿ ಹೊಸದಾಗಿ ಎಎಂಎಲ್ ತರಬಲ್ಲವು ಎಂಬುದೂ ಆಮೇಲೆ ತಿಳಿಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ವಂಶವಾಹಿ ತಜ್ಞೆ ಕ್ರಿಸ್ಟೀನ್ ಗಾಸ್ಡೆನ್ 1998ರಲ್ಲಿ ಹಲಬ್ಜಾಕ್ಕೆ ಬಂದು, ಇಲ್ಲಿ ಕಂಡ ಕ್ಯಾನ್ಸರುಗಳನ್ನೂ ಹುಟ್ಟುದೋಷಗಳನ್ನೂ ಜಗತ್ತಿನ ಮುಂದಿಟ್ಟರು. ಘಟನೆಗೆ ಆಗ ಹತ್ತು ವರ್ಷ ತುಂಬಿತ್ತು. 1988ರ ಏಪ್ರಿಲಿನಿಂದಲೇ ಬದುಕಿದವರ ಪಟ್ಟಿ ಮಾಡಿ, ವರ್ಷ ವರ್ಷ ಅವರ ರಕ್ತ ನೋಡಿದ್ದರೆ, ಇಂದು ಆ ಮನೆಗಳಿಗೆ ಖಚಿತ ಉತ್ತರ ಕೊಡಬಹುದಿತ್ತು. ಹಿರೋಷಿಮಾದಲ್ಲಿ ಬದುಕುಳಿದವರನ್ನು ಹಾಗೆ ದಶಕಗಟ್ಟಲೆ ಹಿಂಬಾಲಿಸಿದ್ದರಿಂದಲೇ ವಿಕಿರಣಕ್ಕೂ ಲ್ಯುಕೇಮಿಯಾಕ್ಕೂ ಇರುವ ನಂಟು ಜಗತ್ತಿಗೆ ನಿಸ್ಸಂಶಯವಾಗಿ ತಿಳಿಯಿತು. ಹಲಬ್ಜಾದ ಜನಕ್ಕೆ ಆ ನ್ಯಾಯ ಸಿಗಲಿಲ್ಲ. ಅವರ ಗಾಯ ಎಣಿಕೆಯ ಹೊರಗೇ ಉಳಿಯಿತು.

ಸಂಜೆ ಸುಲೈಮಾನಿಯಾಕ್ಕೆ ಮರಳುತ್ತೀರಿ. ಹೀವಾ ಆಸ್ಪತ್ರೆಯಲ್ಲಿ ಇಟಲಿ ಸರಕಾರದ ಅಭಿವೃದ್ಧಿ ಸಹಕಾರ ಸಂಸ್ಥೆಯ ನೆರವಿನಿಂದ 2016ರಲ್ಲಿ ಇರಾಕಿ ಕುರ್ದಿಸ್ತಾನದ ಮೊದಲ ಅಸ್ಥಿಮಜ್ಜೆ ಕಸಿ ಕೇಂದ್ರ ಶುರುವಾಯಿತು. ಐಸಿಸ್ ಜೊತೆ ಯುದ್ಧ ನಡೆಯುತ್ತಿದ್ದ, ಬಗ್ದಾದಿನಿಂದ ಬರಬೇಕಾದ ಹಣ ನಿಂತು ಸಂಬಳಕ್ಕೂ ತತ್ವಾರವಾಗಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಇಲ್ಲಿನ ಡಾಕ್ಟರುಗಳು, ನರ್ಸುಗಳು ಈ ಕೆಲಸ ಕಲಿತು ನಿಂತರು. ಕಸಿಗಾಗಿ ಮನೆ ಮಾರಿ ಪರದೇಶಕ್ಕೆ ಹೋಗುವುದು ಕೆಲವರಿಗಾದರೂ ತಪ್ಪಿತು. ಇರಾಕಿನಿಂದ ಚಿಕಿತ್ಸೆಗೆಂದು ಭಾರತಕ್ಕೆ ಬರುವವರು ಈಗಲೂ ಬಹಳ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಮೊಗಸಾಲೆಯಲ್ಲಿ ದುಭಾಷಿಯ ಪಕ್ಕ ಫೈಲು ಹಿಡಿದು ಕೂತ ಇರಾಕಿ ಕುಟುಂಬವನ್ನು ನೀವು ಕಂಡಿರಬಹುದು. ಅವರಲ್ಲಿ ಕುರ್ದರೂ ಇರುತ್ತಾರೆ. ಅಲ್ಲಿನ ಪುಸ್ತಕದಲ್ಲಿ ಅವರು ಇರಾಕಿಗಳೆಂದಷ್ಟೇ ದಾಖಲಾಗುತ್ತಾರೆ.

ಹಾಗಾದರೆ ನೀವು ತಂದ ಪ್ರಶ್ನೆಗೆ ಸಿಕ್ಕ ಉತ್ತರವೇನು? ಮಕ್ಕಳಲ್ಲಿ ಎಎಲ್‌ಎಲ್ ಮುಂದು. ದೊಡ್ಡವರ ತೀವ್ರ ರೋಗದಲ್ಲಿ ಎಎಂಎಲ್ ಮುಂದು, ಅದೂ ಪಶ್ಚಿಮಕ್ಕಿಂತ ಎಳೆಯ ವಯಸ್ಸಿನಲ್ಲಿ. ಸಿಎಂಎಲ್ ಎಲ್ಲ ನಾಡಿನಂತೆ. ಸಿಎಲ್‌ಎಲ್ ಇದೆ, ಅಜ್ಜ ಅಜ್ಜಿಯರ ಸಂಖ್ಯೆ ಏರಿದಂತೆ ಅದೂ ಏರಲಿದೆ. ಈ ಸಾಲುಗಳ ಹಿಂದೆ ಕುರ್ದರ ರಕ್ತದಲ್ಲೇ ಏನೋ ಶಾಪವಿದೆ ಎನ್ನಲು ಆಧಾರವಿಲ್ಲ. ಇರುವುದು ಎಳೆಯರೇ ತುಂಬಿದ ಒಂದು ಜನ, ವಿಷ ಮತ್ತು ತೈಲದ ನಡುವೆ ಬದುಕಿದ ಒಂದು ಶತಮಾನ, ಜಿ6ಪಿಡಿಯಂಥ ಒಂದೆರಡು ನಿಜವಾದ ಪರಂಪರಾಗತ ಗುಣ.

ಆ ದಾಖಲೆ ಕೋಣೆಯಲ್ಲಿ ಯುವಕ ದಿನವಿಡೀ ತುಂಬಿದ ಸಾಲುಗಳಿಗೆ ಇದಕ್ಕಿಂತ ದೊಡ್ಡ ಉಪಯೋಗವಿದೆ. ಬರುವ ವರ್ಷ ಎಷ್ಟು ಮಕ್ಕಳಿಗೆ ಕೀಮೋ ಔಷಧ ವಿನ್‌ಕ್ರಿಸ್ಟೀನ್, ಎಷ್ಟು ಮಂದಿಗೆ ಇಮಾಟಿನಿಬ್ ಬೇಕು, ಕಸಿ ವಾರ್ಡಿನಲ್ಲಿ ಎಷ್ಟು ಹಾಸಿಗೆ, ಯಾವ ತಾಲ್ಲೂಕಿನಲ್ಲಿ ಎಎಂಎಲ್ ಅನುಮಾನ ಬರುವಷ್ಟು ಹೆಚ್ಚಿದೆ ಎಂಬುದನ್ನು ಆ ಸಾಲುಗಳಿಂದಲೇ ತಿಳಿಯಬೇಕು. ಎಣಿಕೆ ಒಂದು ಕಾಲಕ್ಕೆ ಈ ಜನರನ್ನು ಅಳಿಸಲು ಬಳಕೆಯಾಯಿತು. ಅದೇ ಎಣಿಕೆ ಈಗ ಅವರ ಮಕ್ಕಳನ್ನು ಉಳಿಸಬೇಕು. ಅದಕ್ಕೆ ಗುರುತು ಕೇಳುವ ಅಧಿಕಾರಿ ಬೇಡ. ವಯಸ್ಸು, ಊರು, ಕಸುಬು, ರೋಗದ ನಿಖರ ಬಗೆ, ಇಷ್ಟನ್ನು ತಪ್ಪದೆ ಬರೆದು ಜತನದಿಂದ ಕಾಯುವ ದಾಖಲೆ ಸಾಕು. ನಾಲ್ಕು ದೇಶಗಳೂ ತಮ್ಮ ಕುರ್ದ್ ಪ್ರಾಂತ್ಯಗಳ ಅಂತಹ ದಾಖಲೆಗಳನ್ನು ತೆರೆದಿಟ್ಟು ಜೋಡಿಸಿದ ದಿನ ಆ ತಾಯಿಯ ಪ್ರಶ್ನೆಗೂ, ಹಲಬ್ಜಾದ ಮನೆಗಳ ಪ್ರಶ್ನೆಗೂ ಡಾಕ್ಟರುಗಳು ಊಹೆಯಿಂದಲ್ಲ, ಅಂಕಿಯಿಂದ ಉತ್ತರ ಕೊಡಬಲ್ಲರು. ಆ ಕೆಲಸಕ್ಕೆ ಹೊಸ ಯಂತ್ರವೂ ಹೊಸ ಔಷಧವೂ ಬೇಕಿಲ್ಲ, ಎಣಿಸಿದರೆ ಕೇಡಾಗದೆಂಬ ಭರವಸೆಯನ್ನು ಸರಕಾರಗಳು ಈ ಜನಕ್ಕೆ ಕೊಡಬೇಕು.